ಥಾರ್‌ಗೆ ಹಿಂಬದಿಯ ಉಕ್ಕಿನ ಬಂಪರ್ ಹಾಕಿಸುವ ಮೊದಲು ಏನನ್ನು ನೋಡಬೇಕು?

ನಿಮ್ಮದು 2021ರ ಮಹೀಂದ್ರಾ ಥಾರ್. ಹಿಂದಿನ ಪ್ಲಾಸ್ಟಿಕ್ ಬಂಪರ್ ತೆಗೆಸಿ, ಸ್ಟೆಪ್ನಿ ಹೊರುವ ತೋಳಿನ ಸಮೇತ ಐದು ಮಿ.ಮೀ. ದಪ್ಪದ ಉಕ್ಕಿನ ಬಂಪರ್ ಹಾಕಿಸಬೇಕೆಂದಿದ್ದೀರಿ. ಆ ದಪ್ಪ ಸಾಕೇ ಎಂದು ಕೇಳಿದ್ದೀರಿ. ದಪ್ಪದ ಮಾತು ಆಮೇಲಿರಲಿ. ಆ ಬಂಪರ್ ಚಾಸಿಯನ್ನು, ಅಂದರೆ ಗಾಡಿಯ ತಳದ ಉಕ್ಕಿನ ಚೌಕಟ್ಟನ್ನು, ಎಲ್ಲಿ, ಹೇಗೆ ಹಿಡಿದುಕೊಳ್ಳುತ್ತದೆ ಎಂಬುದನ್ನು ಮೊದಲು ವಿಚಾರಿಸಿ.

ನಾನಿರುವುದು ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ. ಮಳೆಗಾಲದಲ್ಲಿ ತೋಟದ ದಾರಿ ಹೇಗಿರುತ್ತದೆ ಎಂಬುದು ಈ ಸೀಮೆಯವರಿಗೆ ಗೊತ್ತು. ಒಂದು ಜುಲೈಯಲ್ಲಿ ದಾರಿಯ ಅಂಚು ಕುಸಿದು ನನ್ನ ಥಾರ್‌ನ ಎಡಗಡೆಯ ಹಿಂದಿನ ಚಕ್ರ ಚರಂಡಿಗೆ ಇಳಿಯಿತು. ಹಿಂದಿನಿಂದ ಎಳೆಯಲು ಟ್ರ್ಯಾಕ್ಟರ್ ತರಿಸಿದೆವು. ಆಗ ನಾನು ಹಾಕಿಸಿದ್ದ ಬಂಪರಿನಲ್ಲಿ ಬೆರಳು ಗಾತ್ರದ ಕಂಬಿಯ ಬಳೆ ಇತ್ತು. ನೋಡಿದರೆ ಆನೆ ಕಟ್ಟಬಹುದು ಅನ್ನಿಸುವಂತಿತ್ತು. ಸರಪಳಿ ಬಿಗಿಯಾದ ಎರಡನೇ ಎಳೆತಕ್ಕೆ ಬಳೆ ಕಿತ್ತು ಬಂತು. ಬಳೆ ಮುರಿದಿರಲಿಲ್ಲ, ಅದರ ಸುತ್ತಲಿನ ತಗಡು ರೊಟ್ಟಿಯ ತುಂಡಿನಂತೆ ಹರಿದಿತ್ತು. ಸರಪಳಿ ಹಾರಿ ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಬಡಿದು ಅಲ್ಲೊಂದು ತಗ್ಗು ಮಾಡಿತು. ಓಡಿಸುತ್ತಿದ್ದ ಹುಡುಗನ ತೊಡೆಗೂ ಆ ತಗ್ಗಿಗೂ ನಡುವೆ ಇದ್ದದ್ದು ಒಂದು ಗೇಣು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬಂಪರ್ ಬಿಚ್ಚಿಸಿ ಹಿಂಬದಿಯನ್ನು ನೋಡಿದಾಗ ಎಲ್ಲವೂ ಅರ್ಥವಾಯಿತು. ಬಳೆಯನ್ನು ಮುಖದ ತಗಡಿಗೆ ಮೇಲಿನಿಂದ ಬೆಸೆದಿದ್ದರು, ಅಷ್ಟೆ. ಅದರ ಬೆನ್ನಿಗೆ ಏನೂ ಇರಲಿಲ್ಲ. ಚಕ್ರ ಪೂರ್ತಿ ಹೂತುಹೋದ ಗಾಡಿಯನ್ನು ಎಳೆಯಲು ಅದರ ತೂಕದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬಲ ಬೇಕಾಗುತ್ತದೆ. ಆ ಬಲವನ್ನು ತಗಡು ತಾಳುವುದಿಲ್ಲ, ಚಾಸಿ ಮಾತ್ರ ತಾಳುತ್ತದೆ.

ಹಾಗಾಗಿ ಬಂಪರ್ ಮಾಡುವವರ ಬಳಿ ಹೋದಾಗ ಮುಖವನ್ನು ನೋಡಬೇಡಿ, ಬಗ್ಗಿ ಬೆನ್ನನ್ನು ನೋಡಿ. ಎಳೆಯುವ ಕಿವಿ ಕನಿಷ್ಠ 20 ಮಿ.ಮೀ. ದಪ್ಪದ ಪಟ್ಟಿಯಾಗಿರಲಿ. ಅದು ಮುಖದ ತಗಡನ್ನು ಸೀಳಿಕೊಂಡು ಒಳಗೆ ಹೋಗಿ, ಚಾಸಿಗೆ ಕೂರುವ ದಪ್ಪ ಪ್ಲೇಟಿಗೇ ಬೆಸೆದಿರಬೇಕು. ಇಂತಹ ಕಿವಿಗಳು ಎರಡಿರಲಿ, ಎರಡೂ ಚಾಸಿಯ ಎರಡು ಉದ್ದ ಹಳಿಗಳ ನೇರದಲ್ಲಿರಲಿ. 4.75 ಟನ್ ಭಾರ ತಾಳುವ ಶ್ಯಾಕಲ್‌ನ (ಹಗ್ಗ ಸಿಕ್ಕಿಸುವ U ಆಕಾರದ ಕೊಂಡಿ) ಪಿನ್ನು ಸಲೀಸಾಗಿ ತೂರುವಷ್ಟು ತೂತು ಇರಲಿ. ಟ್ರೈಲರ್ ಎಳೆಯುವ ಉಕ್ಕಿನ ಉಂಡೆಗೆ (ಟೋ ಬಾಲ್) ಮಾತ್ರ ಎಂದೂ ಹಗ್ಗ ಹಾಕಬೇಡಿ. ಅದು ತುಂಡಾದರೆ ಗುಂಡಿನಂತೆಯೇ ಹಾರುತ್ತದೆ, ಅದರಿಂದ ಬೇರೆ ದೇಶಗಳಲ್ಲಿ ಜೀವಗಳು ಹೋಗಿವೆ.

ಜೋಡಿಸುವುದು ಬೋಲ್ಟಿನಿಂದಲೇ ಆಗಬೇಕು. ಚಾಸಿಗೆ ನೇರವಾಗಿ ಬೆಸುಗೆ ಹಾಕಲು ಬಿಡಬೇಡಿ. ಕಾವಿಗೆ ಆ ಜಾಗದ ಉಕ್ಕಿನ ಗುಣ ಬದಲಾಗುತ್ತದೆ, ಮುಂದೆ ಅಲ್ಲಿಂದಲೇ ಬಿರುಕು ಏಳಬಹುದು. ಪ್ಲೇಟುಗಳು ಚಾಸಿಯ ಪಕ್ಕಕ್ಕೆ ಒರಗಿ ಕುಳಿತು ಬೋಲ್ಟು ಅಡ್ಡಲಾಗಿ ಹೋದರೆ ಒಳ್ಳೆಯದು. ಆಗ ಎಳೆತಕ್ಕೆ ಬೋಲ್ಟಿನ ಇಡೀ ಮೈ ಅಡ್ಡ ನಿಲ್ಲುತ್ತದೆ. ಬೋಲ್ಟಿನ ತಲೆಯ ಮೇಲೆ ಅದರ ಗಟ್ಟಿತನದ ದರ್ಜೆಯಾಗಿ 8.8 ಅಥವಾ 10.9 ಎಂದು ಕೊರೆದಿರಬೇಕು, ಓದಿ ನೋಡಿ. ಅಂಕಿಯೇ ಇಲ್ಲದ ಬೋಲ್ಟು ಬೇಡ. ಇನ್ನೊಂದು ಸಣ್ಣ ಸಂಗತಿಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಚಾಸಿಯ ಹಳಿ ಒಳಗೆ ಟೊಳ್ಳು. ಆರಪಾರ ಬೋಲ್ಟು ಹಾಕಿ ಬಿಗಿದರೆ ಎರಡೂ ಗೋಡೆಗಳು ಒಳಕ್ಕೆ ಬಾಗುತ್ತವೆ, ಬಿಗಿ ನಿಲ್ಲುವುದಿಲ್ಲ. ಒಳಗೆ ಹಳಿಯ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಪೈಪಿನ ತುಂಡೊಂದನ್ನು ಇಟ್ಟು, ಅದರೊಳಗಿಂದ ಬೋಲ್ಟು ತೂರಿಸಬೇಕು. ಈಗ ನನ್ನ ಗಾಡಿಯಲ್ಲಿರುವುದು ಹೀಗೆ ಕೂರಿಸಿದ ಬಂಪರ್. ಮೂರು ಮಳೆಗಾಲ ಕಳೆದಿದೆ, ಅಲುಗಾಡಿಲ್ಲ.

ಈಗ ದಪ್ಪ. ಒಂದು ಚದರ ಮೀಟರ್ ಉಕ್ಕಿನ ತಗಡು ಮಿ.ಮೀ.ಗೆ 7.85 ಕೆ.ಜಿ. ತೂಗುತ್ತದೆ. ಮೂರು ಮಿ.ಮೀ. ಎಂದರೆ 23.5 ಕೆ.ಜಿ., ಐದು ಎಂದರೆ 39. ತೋಳು, ಪ್ಲೇಟು ಎಲ್ಲ ಸೇರಿ 50 ಕೆ.ಜಿ. ಆಯಿತೆಂದುಕೊಳ್ಳಿ. ಥಾರ್‌ನ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವಿನ ದೂರ, 2,450 ಮಿ.ಮೀ. ಈ 50 ಕೆ.ಜಿ. ಹಿಂದಿನ ಆಕ್ಸಲಿನಿಂದ 70 ಸೆಂ.ಮೀ. ಹಿಂದೆ ತೂಗಿದರೆ ಹಿಂದಿನ ಚಕ್ರಗಳ ಮೇಲೆ ಸುಮಾರು 64 ಕೆ.ಜಿ. ಬೀಳುತ್ತದೆ, ಮುಂದಿನ ಚಕ್ರಗಳಿಂದ 14 ಕೆ.ಜಿ. ಏಳುತ್ತದೆ. ಒದ್ದೆ ಏರಿನಲ್ಲಿ ಮುಂದಿನ ಚಕ್ರ ಮಣ್ಣು ಕಚ್ಚಬೇಕಾದ ಹೊತ್ತಿಗೆ ಇದು ಗೊತ್ತಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಬಂಪರಿನ ಮೈಗೆ ಮೂರು ಮಿ.ಮೀ. ಸಾಕು. ಚಾಸಿಗೆ ಕೂರುವ ಪ್ಲೇಟಿಗೆ ಎಂಟು ಇರಲಿ.

ಆಕಾರದ ಬಗ್ಗೆ ಒಂದು ಮಾತು. ಕಾರ್ಖಾನೆಯಿಂದ ಬಂದಾಗ ಥಾರ್‌ನ ಡಿಪಾರ್ಚರ್ ಆಂಗಲ್, ಅಂದರೆ ಇಳಿಜಾರು ಇಳಿದು ಸಮನೆಲಕ್ಕೆ ಬರುವಾಗ ಬಾಲ ತಾಗದಂತೆ ಸಿಗುವ ಕೋನ, 36.8 ಡಿಗ್ರಿ. ಬಂಪರಿನ ಕೆಳಗಂಚು ಐದು ಸೆಂ.ಮೀ. ಕೆಳಗೆ ಇಳಿದರೂ ಹೆಚ್ಚುಕಡಿಮೆ ಮೂರು ಡಿಗ್ರಿ ಕಳೆದುಕೊಳ್ಳುತ್ತೀರಿ. ಕಣ್ಣಿಗೆ ಗಡುಸಾಗಿ ಕಾಣಲೆಂದು ಕೆಳಗೆ ಜೋತುಬಿಟ್ಟ ಬಂಪರುಗಳು ಹಳ್ಳ ದಾಟುವಾಗ ದಡದ ಮಣ್ಣನ್ನು ನೇಗಿಲಿನಂತೆ ಉಳುತ್ತವೆ. ಎರಡೂ ಮೂಲೆಗಳು ಮೇಲಕ್ಕೆ ಓರೆಯಾಗಿ ಕತ್ತರಿಸಿರಲಿ.

ಸ್ಟೆಪ್ನಿಯ ತೋಳು ನಿಮಗೆ ಬೇಕೇ? ಕಂಪನಿ ಅಳತೆಯ ಟೈರನ್ನೇ ಉಳಿಸಿಕೊಳ್ಳುವುದಾದರೆ ಬೇಡ, ಹಿಂಬಾಗಿಲು ಅದನ್ನು ಹೊರುತ್ತದೆ. ದೊಡ್ಡ ಟೈರ್ ಹಾಕಿಸುವವರಿಗೆ ಬಾಗಿಲಿನ ಕೀಲುಗಳ ಮೇಲೆ ಭಾರ ಹೆಚ್ಚುತ್ತದೆ, ಅವರಿಗೆ ತೋಳು ಅಗತ್ಯ. ಹಾಕಿಸಿದರೆ ತೆರೆದಾಗ ತಾನಾಗಿ ನಿಲ್ಲುವ ಕೊಂಡಿ ಇದೆಯೇ ನೋಡಿ. ಇಳಿಜಾರಿನಲ್ಲಿ ನಿಲ್ಲಿಸಿದಾಗ ಅದು ತಿರುಗಿ ಬಂದು ಕೈಗೆ ಬಡಿದರೆ ಎಲುಬು ಉಳಿಯುವುದಿಲ್ಲ.

ಕಾನೂನಿನ ಮಾತನ್ನು ಮುಚ್ಚಿಡಲಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ತಿದ್ದುಪಡಿಯ ನಂತರ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಆದ್ದರಿಂದ ಕೆಲಸ ಶುರುಮಾಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೂ ಬರೆದು ತಿಳಿಸಿ. ನನ್ನ ಮಟ್ಟಿಗೆ ಇದು ಬರೀ ದಂಡದ ಮಾತಲ್ಲ. ಪ್ಲಾಸ್ಟಿಕ್ ಬಂಪರ್ ಒಡೆದು ಸ್ವಲ್ಪ ಹೊಡೆತವನ್ನು ನುಂಗುತ್ತದೆ, ಉಕ್ಕು ನುಂಗುವುದಿಲ್ಲ. ಬೆಂಗಳೂರಿನ ದಟ್ಟಣೆಯಲ್ಲಿ ನಿಮ್ಮ ಬೆನ್ನಿಗೇ ಇರುವವನು ಬೈಕ್ ಸವಾರ. ಗಾಡಿ ವರ್ಷಕ್ಕೆ ಎರಡು ಸಲ ಮಾತ್ರ ಕೆಸರು ಕಾಣುವುದಾದರೆ ದಯವಿಟ್ಟು ಹಳೆಯ ಬಂಪರನ್ನೇ ಇಟ್ಟುಕೊಳ್ಳಿ. ಚಾಸಿಗೆ ಸರಿಯಾಗಿ ಕೂರುವ ಒಂದು ಎಳೆಯುವ ಕೊಂಡಿಯಿಂದ ನಿಮ್ಮ ಕೆಲಸ ನಡೆಯುತ್ತದೆ.

ಹಾಕಿಸಿಯೇ ತೀರುವುದಾದರೆ ನಂಬರ್ ಪ್ಲೇಟು, ಅದರ ದೀಪ, ಕೆಂಪು ರಿಫ್ಲೆಕ್ಟರುಗಳು ಮರೆಯಾಗದಿರಲಿ. ರಿವರ್ಸ್ ಸೆನ್ಸರುಗಳಿಗೆ ಮೊದಲಿದ್ದ ಎತ್ತರದಲ್ಲೇ ತೂತು ಕೊರೆಸಿ. ತಳದಲ್ಲಿ ನೀರು ಇಳಿಯಲು ಎರಡು ತೂತು ಬಿಡಿಸಿ, ಒಳಮೈಗೂ ಪ್ರೈಮರ್ ಬಳಿಸಿ. ಮಲೆನಾಡಿನಲ್ಲಿ ತುಕ್ಕು ಶುರುವಾಗುವುದು ಕಣ್ಣಿಗೆ ಕಾಣದ ಒಳಭಾಗದಿಂದ. ಬೋಲ್ಟು ಬಿಗಿದ ಮೇಲೆ ಪ್ರತಿ ನಟ್ಟಿನ ಮೇಲಿಂದ ಪ್ಲೇಟಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ನೂರು ಕಿ.ಮೀ. ಓಡಿಸಿ, ಬಗ್ಗಿ ನೋಡಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದರ್ಥ, ಮತ್ತೆ ಬಿಗಿಸಿ. ಅದಾಗುವವರೆಗೆ ಬಂಪರಿಗೆ ಯಾರೂ ಹಗ್ಗ ಕಟ್ಟದಂತೆ ನೋಡಿಕೊಳ್ಳಿ.