ವಾಂತಿ ನಿಂತಿದೆ, ಕೆಲಸಕ್ಕೆ ಹೋಗಲಾ?

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ, ನನ್ನ ಬಳಿ ಆಪ್ತಸಮಾಲೋಚನೆಗೆ ಬರುವ ಒಬ್ಬ ಮಹಿಳೆಯ ಫೋನ್ ಬಂತು. ಅಂದು ಸಂಜೆ ನಮ್ಮ ಭೇಟಿ ಇತ್ತು. "ಮೇಡಂ, ನಿನ್ನೆ ರಾತ್ರಿಯೆಲ್ಲ ವಾಂತಿ, ಭೇದಿ. ಈಗ ನಿಂತಿದೆ. ಸಂಜೆ ಬರ್ಲಾ?" ಅಂದರು. ಬೇಡ, ಫೋನಲ್ಲೇ ಮಾತಾಡೋಣ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಮತ್ತೆ ನಾಳೆ ಡ್ಯೂಟಿಗೆ?"

ಆಕೆ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ ಸಹಾಯಕಿ. ಎಬ್ಬಿಸಿ ಕೂರಿಸುವುದು, ಊಟ ಮಾಡಿಸುವುದು, ಸ್ನಾನ, ಬಟ್ಟೆ, ಹಾಸಿಗೆ. ಬೆಳಿಗ್ಗೆ ಏಳರ ಶಿಫ್ಟ್. ಹೋದ ದಿನಕ್ಕೆ ಮಾತ್ರ ಸಂಬಳ. ಯಾರಿಗೂ ಇಲ್ಲ ಅನ್ನಲು ಬರುವುದಿಲ್ಲ ಅನ್ನುವ ಕಷ್ಟಕ್ಕೇ ನಾಲ್ಕು ತಿಂಗಳಿಂದ ನನ್ನ ಬಳಿ ಬರುತ್ತಿದ್ದರು.

ನಾನು ಡಾಕ್ಟರ್ ಅಲ್ಲ. ಆದರೂ ಮನಸ್ಸಿನ ಮಾತಿಗೆ ಮೊದಲು ಮೈಯ ಮಾತು ಕೇಳಲೇಬೇಕಿತ್ತು. ರಕ್ತ ಹೋಯಿತಾ? ಇಲ್ಲ. ಜ್ವರ? ರಾತ್ರಿ ಮೈ ಬೆಚ್ಚಗಿತ್ತು, ಈಗಿಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಾ? ಸ್ವಲ್ಪ. ಮೂತ್ರಕ್ಕೆ ಹೋಗಿ ಎಷ್ಟು ಹೊತ್ತಾಯ್ತು? ಅದಕ್ಕೆ ಉತ್ತರ ಬರಲು ಸಮಯ ಹಿಡಿಯಿತು. "ಬೆಳಿಗ್ಗೆ ಎದ್ದಾಗ ಹೋಗಿದ್ದೆ. ಆಮೇಲೆ... ಇಲ್ಲ ಅನ್ಸುತ್ತೆ."

ಅಂದರೆ ಏಳೆಂಟು ಗಂಟೆ. ಮೈಯಲ್ಲಿ ನೀರು ಕಡಿಮೆಯಾಗಿದೆ ಅನ್ನುವುದಕ್ಕೆ ಇದಕ್ಕಿಂತ ಸರಳ ಗುರುತು ಬೇಡ. ಮನೆಯಲ್ಲಿ ಓಆರ್‌ಎಸ್ ಪುಡಿ ಇರಲಿಲ್ಲ. ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಗೋಪುರ ಮಾಡದೆ ಮಟ್ಟಸವಾಗಿ. ಉಪ್ಪು ಜಾಸ್ತಿಯಾದರೆ ಅದೇ ತೊಂದರೆ. ಗಟಗಟ ಕುಡಿದರೆ ಮತ್ತೆ ವಾಂತಿಯಾಗಬಹುದು, ಒಂದೆರಡು ನಿಮಿಷಕ್ಕೊಂದು ಗುಟುಕು ಸಾಕು ಅಂದೆ. ಸಂಜೆಯೊಳಗೆ ಮೂತ್ರ ಹೋಗದಿದ್ದರೆ, ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಡಾಕ್ಟರ ಬಳಿ ಹೋಗಲೇಬೇಕು ಅಂತಲೂ ಹೇಳಿದೆ. ಫೋನ್ ಕಿವಿಗಿಟ್ಟುಕೊಂಡೇ ಚಮಚದಲ್ಲಿ ಕಲಕುತ್ತಿದ್ದ ಸದ್ದು ನನಗೆ ಕೇಳಿಸುತ್ತಿತ್ತು.

ಕಲಕುತ್ತಲೇ ಆಕೆ ಒಂದು ವಿಷಯ ಹೇಳಿದರು. ಸೂಪರ್‌ವೈಸರ್‌ಗೆ ಕಳಿಸಲು ಬೆಳಿಗ್ಗೆಯಿಂದ ಐದು ಮೆಸೇಜ್ ಬರೆದು ಅಳಿಸಿದ್ದಾರಂತೆ. ಓದಿ ಅಂದೆ, ನೆನಪಿದ್ದಷ್ಟು ಓದಿದರು. ಮೊದಲನೆಯದರಲ್ಲಿ ಒಂದು ಸಾಲು. ಎರಡನೆಯದರಲ್ಲಿ ಎಷ್ಟು ಸಲ ವಾಂತಿಯಾಯಿತು ಅನ್ನುವ ಲೆಕ್ಕ. ನಾಲ್ಕನೆಯದರಲ್ಲಿ ವಾಂತಿಯ ಬಣ್ಣವೂ ಇತ್ತು. ಐದನೆಯದರಲ್ಲಿ ಮೂರು ಸಲ 'ಕ್ಷಮಿಸಿ'. ಕಡೆಗೆ ಫೋನೇ ಮಾಡೋಣ ಅಂತ ಯೋಚಿಸಿ, ಸುಸ್ತಾದ ದನಿಯಲ್ಲಿ 'ಹಲೋ' ಅನ್ನುವುದನ್ನು ಎರಡು ಸಲ ಅಭ್ಯಾಸ ಮಾಡಿದರಂತೆ.

"ನಿಮಗೆ ನಿಜವಾಗ್ಲೂ ಸುಸ್ತಿತ್ತಲ್ವಾ?"

"ಇತ್ತು ಮೇಡಂ. ಆದ್ರೆ ನಾನು ಮಾತಾಡಿದ್ರೆ ಗಟ್ಟಿಯಾಗೇ ಕೇಳುತ್ತೆ."

ಇಬ್ಬರಿಗೂ ನಗು ಬಂತು. ಕಾಯಿಲೆ ಬಿದ್ದವರು ಕಾಯಿಲೆಯ ನಟನೆ ಮಾಡುವುದನ್ನು ನಾನು ಬೇರೆಯವರಲ್ಲೂ ನೋಡಿದ್ದೇನೆ, ನನ್ನಲ್ಲೂ ನೋಡಿದ್ದೇನೆ. ಹೊಟ್ಟೆಯ ಕಾಯಿಲೆಯಲ್ಲಿ ಇದು ಇನ್ನೂ ಜಾಸ್ತಿ. ಕೈ ಮುರಿದರೆ ಪಟ್ಟಿ ಇರುತ್ತದೆ, ನೆಗಡಿಯಾದರೆ ದನಿ ಕಟ್ಟುತ್ತದೆ. ಇದರಲ್ಲಿ ತೋರಿಸಲು ಏನೂ ಇಲ್ಲ. ಮೇಲಾಗಿ ಮಾರನೇ ದಿನ ಮನುಷ್ಯ ನೋಡಲು ಸರಿಯಾಗೇ ಇರುತ್ತಾನೆ.

ನನಗೆ ಕಂಡದ್ದು ಇಷ್ಟು. ಆಕೆ ಮೂರು ಪ್ರಶ್ನೆಗಳನ್ನು ಒಂದೇ ಗಂಟು ಕಟ್ಟಿಕೊಂಡಿದ್ದರು. ನನ್ನ ಮೈಗೆ ಕೆಲಸ ಮಾಡುವಷ್ಟು ಶಕ್ತಿ ಬಂದಿದೆಯಾ? ನಾನು ಹೋದರೆ ಅಲ್ಲಿರುವವರಿಗೆ ತಗುಲುತ್ತಾ? ಹೋಗದಿದ್ದರೆ ನನ್ನ ಬಗ್ಗೆ ಏನಂದುಕೊಳ್ಳುತ್ತಾರೆ? ಬಾಯಲ್ಲಿ ಕೇಳುತ್ತಿದ್ದದ್ದು ಮೊದಲನೆಯದು, ಬೆಳಿಗ್ಗೆಯಿಂದ ಒಳಗೊಳಗೇ ಉತ್ತರ ಹುಡುಕುತ್ತಿದ್ದದ್ದು ಮೂರನೆಯದಕ್ಕೆ. ನಡುವಿನದನ್ನು ಕೇಳಿಯೇ ಇರಲಿಲ್ಲ. ನಿರ್ಧಾರ ಆಗಬೇಕಾದದ್ದು ಅಲ್ಲಿಯೇ.

ವಾಂತಿ ಭೇದಿ ಹೀಗೆ ದಿಢೀರ್ ಅಂತ ಶುರುವಾಗಿ ಒಂದೆರಡು ದಿನದಲ್ಲಿ ನಿಂತರೆ, ಹೆಚ್ಚಾಗಿ ಅದು ನೊರೊವೈರಸ್‌ನಂಥ ವೈರಸ್ಸಿನ ಕೆಲಸ. ತಗುಲಿದ 12ರಿಂದ 48 ಗಂಟೆಯೊಳಗೆ ತೋರಿಸಿಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ಕೊಳೆಯಲ್ಲೂ ಇನ್ನೊಬ್ಬರನ್ನು ಮಲಗಿಸುವಷ್ಟು ವೈರಸ್ ಇರುತ್ತದೆ. ನಮಗೆ ನಿಮಗೆ ಎರಡು ದಿನದ ಗೋಳು, ಎಂಬತ್ತು ದಾಟಿದವರಿಗೆ ಆಸ್ಪತ್ರೆ ಸೇರಿಸುವ ವಿಷಯ. ಅದಕ್ಕೇ ಕಡೆಯ ವಾಂತಿ ಅಥವಾ ಕಡೆಯ ಭೇದಿ, ಯಾವುದು ಕೊನೆಯದೋ ಅಲ್ಲಿಂದ 48 ಗಂಟೆ ಕಳೆಯುವವರೆಗೆ ಕೆಲಸಕ್ಕೆ ಹೋಗಬಾರದು ಅನ್ನುತ್ತಾರೆ. ಅಡುಗೆ ಮಾಡುವವರು, ಬಡಿಸುವವರು, ಮಕ್ಕಳನ್ನು, ರೋಗಿಗಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವವರು ಇದನ್ನು ಮುರಿಯುವ ಹಾಗೇ ಇಲ್ಲ.

ಶುರುವಾದ ಹೊತ್ತಿನಿಂದ ಅಲ್ಲ, ನಿಂತ ಹೊತ್ತಿನಿಂದ. ಇದನ್ನು ಎರಡು ಸಲ ಹೇಳಬೇಕಾಯಿತು. "ನಿನ್ನೆ ಸಂಜೆ ಶುರುವಾಯ್ತು, ನಾಳೆ ಸಂಜೆಗೆ ಎರಡು ದಿನ" ಅಂತ ಆಕೆ ಆಗಲೇ ಲೆಕ್ಕ ಹಾಕಿದ್ದರು. ಕೊನೆಯ ವಾಂತಿ ಭಾನುವಾರ ರಾತ್ರಿ ಹನ್ನೊಂದಕ್ಕೆ. ಕೊನೆಯ ಭೇದಿ ಸೋಮವಾರ ಬೆಳಗಿನ ಜಾವ ಐದಕ್ಕೆ. ಹಾಗಾದರೆ 48 ಗಂಟೆ ಮುಗಿಯುವುದು ಬುಧವಾರ ಬೆಳಿಗ್ಗೆ ಐದಕ್ಕೆ.

"ಶಿಫ್ಟ್ ಏಳಕ್ಕೆ. ಎರಡು ಗಂಟೆ ಉಳೀತು ಮೇಡಂ."

ದನಿ ಅಷ್ಟು ಹಗುರವಾದದ್ದನ್ನು ಕೇಳಿ ನನಗೇ ಆಶ್ಚರ್ಯ. ಹೋಗಲೋ ಬೇಡವೋ ಅನ್ನುವುದು ಅಷ್ಟು ಹೊತ್ತು ಆಕೆಯ ಒಳ್ಳೆಯತನದ ಪರೀಕ್ಷೆಯಾಗಿತ್ತು. ಈಗ ಅದು ಗಡಿಯಾರದ ಲೆಕ್ಕವಾಯಿತು. ಇಲ್ಲ ಅನ್ನಲು ಬಾರದವರಿಗೆ ನಾನು ಸಾಮಾನ್ಯವಾಗಿ ನಿಯಮದ ಹಿಂದೆ ಅಡಗಿಕೊಳ್ಳಲು ಹೇಳುವುದಿಲ್ಲ. ಈ ಸಲ ಹೇಳಿದೆ, ಅದೂ ಖುಷಿಯಿಂದಲೇ.

ಆದರೆ ಆಕೆ ಚುರುಕು. ತಕ್ಷಣ ಮೂರು ಸವಾಲು ಹಾಕಿದರು. ಒಂದು, ಭೇದಿ ನಿಲ್ಲಿಸುವ ಮಾತ್ರೆ ತಗೊಂಡು ನಾಳೆಯೇ ಹೋದರೆ? ಮಾತ್ರೆ ನಿಲ್ಲಿಸುವುದು ಓಡಾಟವನ್ನು, ವೈರಸ್ಸನ್ನಲ್ಲ. ಮಾತ್ರೆಯ ಬಲದಲ್ಲಿ ನಿಂತ ಹೊತ್ತು ಈ ಲೆಕ್ಕಕ್ಕೆ ಬರುವುದಿಲ್ಲ. ಜ್ವರ ಇದ್ದಾಗ, ರಕ್ತ ಹೋಗುವಾಗ ಆ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಮುಟ್ಟಲೂಬಾರದು. ಎರಡು, ಬ್ಯಾಗಲ್ಲಿ ಸ್ಯಾನಿಟೈಜರ್ ಇದೆಯಲ್ಲ? ನೊರೊವೈರಸ್‌ಗೆ ಅದು ಅಷ್ಟಾಗಿ ನಾಟುವುದಿಲ್ಲ. ಸೋಪು, ಹರಿಯುವ ನೀರು, 20 ಸೆಕೆಂಡಾದರೂ ಉಜ್ಜುವುದು, ಇದೇ ದಾರಿ.

ಮೂರನೆಯದು ಒಳ್ಳೆಯ ಪ್ರಶ್ನೆ. "48 ಗಂಟೆ ಆದ್ಮೇಲೆ ವೈರಸ್ ಪೂರ್ತಿ ಹೋಗಿರುತ್ತಾ?" ಇಲ್ಲ. ಎರಡು ವಾರ, ಕೆಲವರಲ್ಲಿ ಅದಕ್ಕೂ ಜಾಸ್ತಿ ದಿನ ಮಲದಲ್ಲಿ ಹೋಗುತ್ತಿರುತ್ತದೆ. ಹಾಗಂತ ಅಷ್ಟು ದಿನ ಎಲ್ಲರನ್ನೂ ಮನೆಯಲ್ಲಿ ಕೂರಿಸಿದರೆ ಊರು ನಡೆಯುವುದಿಲ್ಲ. ಕಾಯಿಲೆ ಇರುವಾಗ ಮತ್ತು ನಿಂತ ಮೊದಲ ಒಂದೆರಡು ದಿನ ಹರಡುವುದು ಹೆಚ್ಚು. 48 ಗಂಟೆ ಆ ಗಂಡಾಂತರದ ಭಾಗವನ್ನು ದಾಟಿಸುತ್ತದೆ, ಉಳಿದದ್ದನ್ನು ಕೈ ತೊಳೆಯುವುದು ನೋಡಿಕೊಳ್ಳಬೇಕು. ಇನ್ನೊಂದು ಮಾತನ್ನೂ ಸೇರಿಸಿದೆ. ಎಲ್ಲ ಹೊಟ್ಟೆಕಾಯಿಲೆಯೂ ವೈರಸ್ಸಿನದಲ್ಲ. ಟೈಫಾಯ್ಡ್, ರಕ್ತಭೇದಿಯಂಥವು ಎಂದು ಡಾಕ್ಟರ್ ಹೇಳಿದ್ದರೆ 48 ಗಂಟೆಯ ಲೆಕ್ಕ ಸಾಲದು, ಮಲಪರೀಕ್ಷೆ ಮಾಡಿಸಿ ಅವರು ಸರಿ ಅನ್ನುವವರೆಗೆ ಕಾಯಬೇಕಾಗಬಹುದು.

ಆಮೇಲೆ ಮೆಸೇಜ್ ಬರೆದೆವು. ಎರಡೇ ಸಾಲು. "ಭಾನುವಾರ ಸಂಜೆಯಿಂದ ವಾಂತಿ ಭೇದಿ, ಇಂದು ಬೆಳಿಗ್ಗೆ ಐದಕ್ಕೆ ನಿಂತಿದೆ. ಅಲ್ಲಿರುವವರಿಗೆ ತಗುಲಬಾರದು ಅಂತ 48 ಗಂಟೆ ಕಾದು ಬುಧವಾರ ಬೆಳಿಗ್ಗೆ ಬರುತ್ತೇನೆ." ಕ್ಷಮಿಸಿ ಹಾಕಬೇಕು ಅಂತ ಹಟ ಹಿಡಿದರು. ಒಂದಕ್ಕೆ ಒಪ್ಪಿದೆ.

ಸಂಬಳದ ಮಾತು ಬಂದಾಗ ನನ್ನ ಬಳಿ ಜಾಣ ಉತ್ತರ ಇರಲಿಲ್ಲ. ಸಂಬಳ ಸಹಿತ ರಜೆ ಇರುವವರು 'ಮನೆಯಲ್ಲಿರಿ' ಅನ್ನುವುದು ಸುಲಭ. ಆಕೆಗೆ ಎರಡು ದಿನದ ಸಂಬಳ ಹೋಗುತ್ತದೆ, ಅದನ್ನು ನಾನು ಸಣ್ಣದು ಮಾಡಿ ತೋರಿಸಲಿಲ್ಲ. ಮುಂದಿನ ವಾರ ಬೇರೆ ಶಿಫ್ಟ್ ಸಿಗುತ್ತದಾ ಕೇಳಿ, ತಿಂಗಳ ಯಾವ ಖರ್ಚು ಮುಂದೂಡಬಹುದು ನೋಡೋಣ ಅಂದೆ. ಅಷ್ಟೇ ನನ್ನಿಂದಾದದ್ದು.

ಇಲ್ಲಿಗೆ ಮುಗಿದಿದ್ದರೆ ಈ ಪ್ರಕರಣ ಬರೆಯುತ್ತಿರಲಿಲ್ಲವೇನೋ. ಮಂಗಳವಾರ ರಾತ್ರಿ ಹತ್ತಕ್ಕೆ ಮತ್ತೆ ಫೋನ್. ದಿನವೆಲ್ಲ ಚೆನ್ನಾಗಿದ್ದರು. ಹಸಿವಾಯಿತು ಅಂತ ಸಂಜೆ ಹೊಟ್ಟೆ ತುಂಬ ಊಟ, ಮೇಲೊಂದು ದೊಡ್ಡ ಲೋಟ ಹಾಲು. ಒಂಬತ್ತಕ್ಕೆ ಒಂದು ಸಲ ನೀರು ನೀರಾಗಿ ಹೋಯಿತು. "ಒಂದೇ ಸಲ ಮೇಡಂ. ಹಾಲಿಂದಾನೇ ಇರ್ಬೇಕು, ಅಲ್ವಾ?"

ಇರಬಹುದು. ಇಂಥ ಕಾಯಿಲೆಯಾದ ಮೇಲೆ ಕೆಲವರಿಗೆ ಸ್ವಲ್ಪ ದಿನ ಹಾಲು ಅರಗುವುದಿಲ್ಲ, ಕರುಳಿನ ಒಳಪದರ ಇನ್ನೂ ಸುಧಾರಿಸಿಕೊಳ್ಳುತ್ತಿರುತ್ತದೆ. ಆದರೆ ಇದು ಹಾಲಿನದೋ ವೈರಸ್ಸಿನದೋ ಅಂತ ಆಕೆಯೂ ಹೇಳಲಾರರು, ನಾನೂ ಹೇಳಲಾರೆ. ಆಕೆಗೆ ನನ್ನಿಂದ ಬೇಕಿದ್ದದ್ದು 'ಹಾಲೇ ಇರಬೇಕು' ಅನ್ನುವ ಒಂದು ಮಾತು. ಬೆಳಿಗ್ಗೆ ಏಳಕ್ಕೆ ಆಕೆ ಊಟ ಮಾಡಿಸಬೇಕಾದ ಅಜ್ಜಿಯ ಪಕ್ಕ ಕೂತು ಆ ಮಾತು ಹೇಳಬಲ್ಲೆನಾ ಅಂತ ಯೋಚಿಸಿದೆ. ಆಗಲಿಲ್ಲ.

"ಲೆಕ್ಕ ಮತ್ತೆ ಮೊದಲಿಂದ" ಅಂದೆ. ಗುರುವಾರ ರಾತ್ರಿ ಒಂಬತ್ತು. ಹಾಗಾದರೆ ಶುಕ್ರವಾರದ ಶಿಫ್ಟ್.

ಅತ್ತರು. ಸುಳ್ಳಿಯಾಗಿಬಿಡ್ತೀನಿ ಅಂದರು. ಬುಧವಾರ ಬರ್ತೀನಿ ಅಂದವಳು ಹಿಂದಿನ ರಾತ್ರಿ ಆಗಲ್ಲ ಅಂದರೆ ಯಾರು ನಂಬುತ್ತಾರೆ? ನಂಬದೇ ಇರಬಹುದು ಅಂದೆ. ನಂಬಿಸುವುದು ನಿಮ್ಮ ಕೈಯಲ್ಲಿಲ್ಲ, ಈಗಲೇ ತಿಳಿಸುವುದು ನಿಮ್ಮ ಕೈಯಲ್ಲಿದೆ. ಬೆಳಿಗ್ಗೆ ಆರೂವರೆಗೆ ತಿಳಿಸಿದರೆ ಬದಲಿಗೆ ಜನ ಸಿಗುವುದಿಲ್ಲ, ಈಗ ತಿಳಿಸಿದರೆ ಸಿಗಬಹುದು. ಬೆಳಿಗ್ಗೆ ಡಾಕ್ಟರಿಗೂ ತೋರಿಸಿ, ಒಂದು ಚೀಟಿ ಬರೆಸಿಕೊಳ್ಳಿ ಅಂದೆ.

ಸೂಪರ್‌ವೈಸರ್ ಉತ್ತರ ಹತ್ತೇ ನಿಮಿಷದಲ್ಲಿ ಬಂತು: "ಸರಿ." ಆ ಒಂದು ಪದವನ್ನು ಆಕೆ ಎಷ್ಟು ಬಗೆಯಲ್ಲಿ ಓದಿದರೋ! ಸಿಟ್ಟಾ, ಬೇಸರನಾ, ಮಾಮೂಲಾ? ನನಗೂ ಸ್ಕ್ರೀನ್‌ಶಾಟ್ ಕಳಿಸಿದರು. ನನಗೆ ಅದರಲ್ಲಿ ಕಂಡದ್ದು 'ಸರಿ' ಮಾತ್ರ.

ಡಾಕ್ಟರ್ ಕೂಡ ಕಾಯಿರಿ ಅಂದರು. ಮತ್ತೆ ಭೇದಿಯಾಗಲಿಲ್ಲ. ಶುಕ್ರವಾರ ಕೆಲಸಕ್ಕೆ ಹೋದರು. ಆಕೆಯ ಬದಲು ಎರಡು ದಿನ ಡಬಲ್ ಶಿಫ್ಟ್ ಮಾಡಿದ ಸಹೋದ್ಯೋಗಿ ಮಧ್ಯಾಹ್ನದವರೆಗೆ ಮುಖ ಕೊಟ್ಟು ಮಾತಾಡಲಿಲ್ಲವಂತೆ. ಇವರೇ ಹೋಗಿ, "ನಿಮ್ಮ ಭಾನುವಾರದ ಶಿಫ್ಟ್ ನಾನು ಮಾಡ್ತೀನಿ" ಅಂದರು. ಆ ಸಹೋದ್ಯೋಗಿ ತಲೆಯೆತ್ತಿ ಕೇಳಿದ್ದು: "ಕೈ ತೊಳ್ಕೊಂಡು ಬಂದ್ಯಾ?"

"ಅದು ತಮಾಷೆಯೋ ಚುಚ್ಚು ಮಾತೋ ಗೊತ್ತಾಗ್ಲಿಲ್ಲ ಮೇಡಂ."

ಅದನ್ನು ಮುಂದಿನ ಸೋಮವಾರದ ಭೇಟಿಗೆ ಇಟ್ಟುಕೊಂಡೆವು.