ಮುರು ಮೀನಿನ ಮರಿ ಹಿಡಿದು ಸಾಕಬಹುದಾ?

ಪ್ರಶ್ನೆ: ಕಾರವಾರದ ಹತ್ತಿರ ನಮ್ಮ ಸಣ್ಣ ದೋಣಿ ಇದೆ. ಬಂಡೆ ಸಂದಿಯ ಮುರು (ಗ್ರೂಪರ್) ಮೀನಿನ ಮರಿಗಳನ್ನು ಜೀವಂತ ಹಿಡಿದು ಪಂಜರದಲ್ಲಿ ಸಾಕಿದರೆ ಹೊರದೇಶದಲ್ಲಿ ಭಾರಿ ರೇಟು ಅಂತ ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಕೊಲ್ಲುವುದಿಲ್ಲ, ಸಾಕುವುದು ತಾನೇ? ತಪ್ಪೇನು?

ಉತ್ತರ: ರೇಟಿನ ಮಾತು ಸುಳ್ಳಲ್ಲ. ಹಾಂಗ್‌ಕಾಂಗ್, ದಕ್ಷಿಣ ಚೀನಾದ ಹೋಟೆಲ್‌ಗಳಲ್ಲಿ ತೊಟ್ಟಿಯಲ್ಲಿ ಈಜುವ ಮೀನನ್ನು ಗಿರಾಕಿ ಬೆರಳು ತೋರಿಸಿ ಆರಿಸುತ್ತಾರೆ, ಸ್ವಲ್ಪ ಹೊತ್ತಿಗೆ ಅದೇ ಮೀನು ಹಬೆಯಲ್ಲಿ ಬೆಂದು ತಟ್ಟೆಗೆ ಬರುತ್ತದೆ. ಜೀವ ಇದ್ದರೆ ಹಣ ಜಾಸ್ತಿ.

ಆ ಹಣಕ್ಕಾಗಿ ಫಿಲಿಪ್ಪೀನ್ಸ್, ಇಂಡೋನೇಷ್ಯಾದ ಹವಳದ ದಿಬ್ಬಗಳಲ್ಲಿ ಏನು ನಡೆಯಿತು ಗೊತ್ತಾ? ಸಯನೈಡ್ ಮಾತ್ರೆಯನ್ನು ನೀರಲ್ಲಿ ಕರಗಿಸಿ, ಒತ್ತಿದರೆ ಚಿಮ್ಮುವ ಬಾಟಲಿಗೆ ತುಂಬಿಕೊಂಡು ಮುಳುಗುತ್ತಾರೆ. ಮುರು ಸಂದಿಗೆ ನುಗ್ಗಿದ ಕೂಡಲೇ ಅಲ್ಲಿಗೇ ಚಿಮ್ಮಿಸುತ್ತಾರೆ. ಮಂಕಾದ ಮೀನು ಒಳಗೇ ಸಿಕ್ಕಿಕೊಂಡರೆ ಕಬ್ಬಿಣದ ಸಲಾಕೆಯಿಂದ ಹವಳ ಒಡೆದು ಎಳೆಯುತ್ತಾರೆ. ಹಿಡಿದ ಮೀನು ಬದುಕಬಹುದು, ಸುತ್ತಲಿನ ಹವಳ ಸಾಯುತ್ತದೆ. ಕಾನೂನು ಬೇಡ ಅಂದರೂ ನಿಂತಿಲ್ಲ. ಇದೇ ವ್ಯಾಪಾರಕ್ಕೆ ಹಿಡಿಯುವ, ಹಣೆ ಉಬ್ಬಿದ ದೊಡ್ಡ ನೆಪೋಲಿಯನ್ ಮೀನು ಎಷ್ಟು ಕಡಿಮೆಯಾಯಿತೆಂದರೆ, 2004ರಲ್ಲಿ ಅದರ ವ್ಯಾಪಾರಕ್ಕೆ ಕಡಿವಾಣ ಹಾಕಲು ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಬೇಕಾಯಿತು.

ನೀವು ಸಯನೈಡ್ ಮುಟ್ಟುವವರಲ್ಲ, ಒಪ್ಪುತ್ತೇನೆ. ನನ್ನ ಚಿಂತೆ ಮರಿಯದ್ದು. ಮುರು ಸಾಮಾನ್ಯವಾಗಿ ಮೊದಲು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಕೆಲವು ಗಂಡಾಗುತ್ತವೆ. ತಟ್ಟೆ ಗಾತ್ರದ ಮೀನಿಗೇ ಬೇಡಿಕೆ, ಅದು ಎಷ್ಟೋ ಸಲ ಒಮ್ಮೆಯೂ ಮೊಟ್ಟೆ ಇಟ್ಟಿರುವುದಿಲ್ಲ. ದೊಡ್ಡವನ್ನೂ ತೆಗೆದರೆ ಗಂಡೇ ಉಳಿಯುವುದಿಲ್ಲ. ಪಂಜರದಲ್ಲಿ ಎಷ್ಟೇ ಪ್ರೀತಿಯಿಂದ ಸಾಕಿ, ಆ ಮರಿ ಬಂಡೆಗೆ ವಾಪಸು ಹೋಗುವುದಿಲ್ಲ ಅಲ್ವಾ? ಬಂಡೆಗೆ ಅದು ಸತ್ತ ಹಾಗೇ.

ಇನ್ನು ಆಳದಲ್ಲಿ ಗಾಳಕ್ಕೆ ಸಿಕ್ಕ ಮುರು. ನೀವೂ ನೋಡಿರುತ್ತೀರಿ, ಮೇಲೆ ಬರುವಷ್ಟರಲ್ಲಿ ಒಳಗಿನ ಗಾಳಿಚೀಲ ಹಿಗ್ಗಿ ಹೊಟ್ಟೆ ಚೆಂಡಿನ ಹಾಗೆ ಉಬ್ಬಿರುತ್ತದೆ, ಜಠರ ಬಾಯಿಂದ ಹೊರಗೆ ಬಂದಿರುತ್ತದೆ, ಕಣ್ಣು ಹೊರಚಾಚಿರುತ್ತದೆ. ಅಂಥದ್ದನ್ನು ಜೀವಂತ ಅಂತ ಮಾರುವುದು ನನಗೆ ನೋಡಲಾಗುವುದಿಲ್ಲ.

ಸಾಕಲೇಬೇಕಾದರೆ ಮೊಟ್ಟೆಯಿಂದ ಮರಿ ಮಾಡುವ ಕೇಂದ್ರದಿಂದ ಮರಿ ತನ್ನಿ. ಮುರು ಮರಿ ಮಾಡುವ ಕೆಲಸದಲ್ಲಿ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಶಾಖಪಟ್ಟಣ ಕೇಂದ್ರ ಗೆದ್ದಿದೆ. ಪಂಜರ ಕೃಷಿಯ ಬಗ್ಗೆ ಕೇಳಲು ನಿಮಗೆ ಕಾರವಾರದಲ್ಲೇ ಅವರ ಕೇಂದ್ರ ಇದೆ, ಸುಮ್ನೆ ಒಮ್ಮೆ ಹೋಗಿ ಬನ್ನಿ. ಇನ್ನೊಂದು, ದೈತ್ಯ ಮುರು ಎಂಬ ಜಾತಿಯ ಮೀನು ಬಲೆಗೆ ಬಿದ್ದರೆ ಬಿಟ್ಟುಬಿಡಿ. 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಆ ಪರಿಚಯದವರಿಗೂ ಇದನ್ನೇ ಓದಿ ಹೇಳಿ.