ಓಎಲ್ಇಡಿಯಲ್ಲೂ ಚಿತ್ರ ಮಸುಕೇಕೆ?

ಸರ್, 240 ಹರ್ಟ್ಸ್‌ನ (ಸೆಕೆಂಡಿಗೆ 240 ಬಾರಿ ಚಿತ್ರ ಬದಲಿಸುವ) ಕ್ಯೂಡಿ-ಓಎಲ್ಇಡಿ (ಪಿಕ್ಸೆಲ್‌ಗಳೇ ಬೆಳಗುವ ಒಂದು ಬಗೆಯ ಪರದೆ) ಮಾನಿಟರ್‌ನಲ್ಲೂ ಆಟದಲ್ಲಿ ಓಡುವ ಕಾರು ಮಸುಕಾಗುತ್ತದೆ, ಹಗಲಿನಲ್ಲಿ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ ಎಂದಿದ್ದೀರಿ. ಇವು ಕೆಟ್ಟ ಮಾನಿಟರ್‌ನ ಲಕ್ಷಣಗಳಲ್ಲ, ದಯವಿಟ್ಟು ವಾಪಸ್ ಕಳುಹಿಸಬೇಡಿ.

ಪಿಕ್ಸೆಲ್ ಬಣ್ಣ ಬದಲಿಸುವುದು ಕ್ಷಣಾರ್ಧದಲ್ಲೇ. ಆದರೆ ಪ್ರತಿ ಫ್ರೇಮ್, ಅಂದರೆ ಪರದೆಯ ಒಂದೊಂದು ಸ್ಥಿರಚಿತ್ರ, ಮುಂದಿನದು ಬರುವವರೆಗೂ ಅಲುಗಾಡದೆ ನಿಲ್ಲುತ್ತದೆ. ನಿಮ್ಮ ಕಣ್ಣು ಮಾತ್ರ ಕಾರಿನ ಬೆನ್ನು ಹತ್ತಿ ಓಡುತ್ತಲೇ ಇರುತ್ತದೆ. ಮಸುಕು ಹುಟ್ಟುವುದು ಅಲ್ಲಿಯೇ. ಕಾರು ಸೆಕೆಂಡಿಗೆ 1000 ಪಿಕ್ಸೆಲ್ ಸರಿದರೆ, ಆಟ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ನಡೆಯುವಾಗ ಸುಮಾರು 17 ಪಿಕ್ಸೆಲ್ ಅಗಲದ ಮಸುಕು, 240ರಲ್ಲಿ ನಾಲ್ಕೇ! ಆಟದ ಸೆಟ್ಟಿಂಗ್‌ನಲ್ಲಿ ನೆರಳುಗಳ ಗುಣಮಟ್ಟ ಇಳಿಸಿಯಾದರೂ ಫ್ರೇಮ್ ಹೆಚ್ಚಿಸಿ. ಆಟವೇ ಬೇಕೆಂದು ಸೇರಿಸುವ ಮಸುಕು, ಅಂದರೆ ಮೋಷನ್ ಬ್ಲರ್, ಆಫ್ ಮಾಡಿ.

ಇನ್ನು ಕಪ್ಪು. ಈ ಪ್ಯಾನೆಲ್‌ಗಳಲ್ಲಿ ಹೊರಬೆಳಕನ್ನು ಹೀರುವ ಪೋಲರೈಸರ್ ಪದರ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಕಲಬುರಗಿಯ ಬಿಸಿಲು ನೇರವಾಗಿ ಬಿದ್ದರೆ ಕಪ್ಪು ಉಳಿಯುವುದು ಹೇಗೆ? ಮಾನಿಟರ್ ಕಿಟಕಿಗೆ ಎದುರಾಗದಂತೆ ಮೇಜು ತಿರುಗಿಸಿ, ದಪ್ಪ ಕರ್ಟನ್ ಹಾಕಿ.